ಮೊದಲು ಮನೆ ಕಟ್ಟಿ, ಆಮೇಲೆ ಮೊಲ ತನ್ನಿ

ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು ರಸೆಲ್ ಮಾರ್ಕೆಟ್ ಕಡೆ ನಡೆದವರಿಗೆ ಈ ನೋಟ ಗೊತ್ತಿರುತ್ತದೆ. 1927ರಲ್ಲಿ ಕಟ್ಟಿದ ಆ ಹಳೆಯ ಮಾರುಕಟ್ಟೆಯ ಹಣ್ಣು, ತರಕಾರಿ, ಮೀನು ದಾಟಿ ಸುತ್ತಲ ಗಲ್ಲಿಗಳಿಗೆ ಬಂದರೆ, ಒಂದರ ಮೇಲೊಂದು ಪೇರಿಸಿದ ತಂತಿ ಪೆಟ್ಟಿಗೆಗಳು. ಕೆಳಗಿನದರಲ್ಲಿ ಬಿಳಿ ಮೊಲ, ಮಧ್ಯದಲ್ಲಿ ಗಿನಿಹಂದಿ, ಮೇಲೆ ಹಸಿರು ಹಳದಿ ‘ಲವ್ ಬರ್ಡ್ಸ್’. ಮೇಲಿನದರ ಕಸ ಕೆಳಗಿನದರ ತಲೆ ಮೇಲೆ.

ಕೊಳ್ಳುವವರೆಲ್ಲ ಬೆಂಗಳೂರಿನವರು ಅಂದುಕೊಳ್ಳಬೇಡಿ. ಬೌರಿಂಗ್ ಆಸ್ಪತ್ರೆಗೆ ಅಂತ ಬಂದವರು, ಮದುವೆ ಬಟ್ಟೆಗೆ ಅಂತ ಬಂದವರು, ಹೊಸಕೋಟೆ, ಮಾಲೂರು, ಕೋಲಾರದ ಕಡೆಗೆ ವಾಪಸ್ ಬಸ್ ಹಿಡಿಯುವ ಮುಂಚೆ ಮಕ್ಕಳಿಗೆ ಏನಾದರೂ ತೆಗೆದುಕೊಳ್ಳೋಣ ಅಂತ ಅಲ್ಲಿ ನಿಲ್ಲುತ್ತಾರೆ. ಅಂದರೆ ನಾವೇ, ನೀವೇ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು, ಒಳಗೆ ಎರಡು ಮೊಲ, ಮೇಲೆ ಸುತ್ತಿದ ದಾರ. ಕೆ.ಆರ್.ಪುರ ದಾಟುವಷ್ಟರಲ್ಲಿ ಪೆಟ್ಟಿಗೆಯ ತಳ ಒದ್ದೆಯಾಗಿರುತ್ತದೆ.

ಹಾಗೆ ತಂದವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಮಾತು ಹೇಳುವ ಹಕ್ಕೂ ಇದೆ, ನಾಚಿಕೆಯೂ ಇದೆ.

ಕೆಲವು ವರ್ಷದ ಹಿಂದೆ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಅಂತ ಒಂದು ಜೋಡಿ ತಂದೆ. ಹೆಸರು ಹೇಳುವುದಿಲ್ಲ, ಯಾವುದೋ ಒಂದು ಅಂಗಡಿ. ‘ಇದಕ್ಕೆ ಏನೇನು ಬೇಕಣ್ಣ?’ ಅಂತ ಕೇಳಿದೆ. ‘ಏನೂ ಬೇಡಣ್ಣ, ಕ್ಯಾರೆಟ್ ಹಾಕಿ, ಎಲೆಕೋಸು ಹಾಕಿ, ಸಾಕು. ಎರಡೂ ಹೆಣ್ಣೇ’ ಅಂದರು. ಊರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಮಕ್ಕಳೆಲ್ಲ ಕುಣಿದರು. ಜಗುಲಿ ಮೇಲೆ ಕೂತಿದ್ದ ಅಜ್ಜಿ ಮಾತ್ರ ಒಂದೇ ಪ್ರಶ್ನೆ ಕೇಳಿದರು: ‘ಇವಕ್ಕೆ ಮನೆ ಎಲ್ಲಪ್ಪಾ?’

ನಗುತ್ತಾ ಟೊಮೆಟೊ ಕ್ರೇಟ್ ತೋರಿಸಿದೆ.

ಎರಡು ತಿಂಗಳಿಗೆ ಗೊತ್ತಾಯಿತು, ಎರಡೂ ಹೆಣ್ಣಲ್ಲ. ಒಂದು ಬೆಳಿಗ್ಗೆ ತಂತಿ ತಳದ ಮೇಲೆ ಆರು ಮರಿ ಬಿದ್ದಿದ್ದವು, ಕೂದಲಿಲ್ಲದ, ಕಣ್ಣು ಬಿಡದ, ಹೆಬ್ಬೆರಳು ಗಾತ್ರದವು. ಹುಲ್ಲಿಲ್ಲ, ಗೂಡಿಲ್ಲ, ಮರೆಯಿಲ್ಲ. ಸಂಜೆಗೆ ಒಂದೂ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಜಿಂಕ್ ಶೀಟ್ ಕೆಳಗೆ ಇಟ್ಟಿದ್ದ ಪೆಟ್ಟಿಗೆಯಲ್ಲಿ ಗಂಡು ಸತ್ತಿತು. ಹೆಣ್ಣಿನ ಹಿಂಗಾಲು ತಂತಿಯ ಮೇಲೆ ಕೂತೂ ಕೂತೂ ಹುಣ್ಣಾಗಿತ್ತು. ಅದೂ ಮಳೆಗಾಲ ನೋಡಲಿಲ್ಲ.

ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ: ‘ಮೊಲ ನಮ್ಮ ಕಡೆ ಬದುಕಲ್ಲ ಬಿಡಪ್ಪ, ನಾಜೂಕು ಪ್ರಾಣಿ.’ ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸುಳ್ಳು. ಚೆನ್ನಾಗಿ ಸಾಕಿದರೆ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ನಮ್ಮ ಮನೆಯಲ್ಲಿ ಅವು ಸತ್ತಿದ್ದು ನಾಜೂಕಿನಿಂದಲ್ಲ, ಮನೆ ಇಲ್ಲದೆ.

ಹಸುವಿಗೊಂದು ನ್ಯಾಯ, ಮೊಲಕ್ಕೊಂದು ನ್ಯಾಯ

ಅಜ್ಜಿಯ ಪ್ರಶ್ನೆಯನ್ನು ಸ್ವಲ್ಪ ಯೋಚಿಸಿ. ಅದು ಮುದುಕಿಯ ತಮಾಷೆಯಲ್ಲ, ರೈತರ ಲೆಕ್ಕ.

ನಮ್ಮ ಊರಲ್ಲಿ ಕೊಟ್ಟಿಗೆ ಇಲ್ಲದೆ ಯಾರಾದರೂ ಹಸು ತಂದದ್ದು ನೋಡಿದ್ದೀರಾ? ಹಸುವಿಗೆ ಕೊಟ್ಟಿಗೆ, ಕುರಿಗೆ ರೊಪ್ಪ, ಕುದುರೆಗೆ ಲಾಯ, ಕೋಳಿಗೆ ಗೂಡು. ಗೂಡಿಲ್ಲದ ಬಡವರೂ ರಾತ್ರಿ ಕೋಳಿ ಮೇಲೆ ಮಂಕರಿ ಕವುಚುತ್ತಾರೆ, ಬೆಳಗಾಗುತ್ತಲೇ ಎತ್ತುತ್ತಾರೆ. ಹಗಲೆಲ್ಲ ಮಂಕರಿ ಕೆಳಗೇ ಇಟ್ಟರೆ ಊರವರು ಕೇಳುತ್ತಾರೆ, ‘ನಿನಗೇನು ಬುದ್ಧಿ ಇದೆಯಾ’ ಅಂತ. ಪ್ರತಿ ಪ್ರಾಣಿಗೂ ಒಂದು ಮನೆ, ಆ ಮನೆಗೊಂದು ಹೆಸರು. ಇದು ಪ್ರಾಣಿದಯೆಯ ಭಾಷಣ ಕೇಳಿ ಬಂದದ್ದಲ್ಲ, ಸಾಕಿ ಸಾಕಿ ಬಂದದ್ದು.

ಮೊಲಕ್ಕೆ ಬಂದಾಗ ಮಾತ್ರ ಈ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತದೆ? ಅದಕ್ಕೆ ನಾವು ಹೇಳುವ ಮಾತು ‘ಕೇಜ್’. ಕನ್ನಡದಲ್ಲಿ ಹೇಳಬೇಕೆಂದರೆ ಬೋನು. ಬೋನು ಇಡುವುದು ಚಿರತೆ ಹಿಡಿಯಲು, ಇಲಿ ಹಿಡಿಯಲು. ಹಾಲು ಕೊಡುವ ಹಸುವಿಗೆ ಮನೆ, ಮುದ್ದು ಮಾಡುವ ಮೊಲಕ್ಕೆ ಬೋನು. ಯಾಕೆ? ಹಸು ಸತ್ತರೆ ಸಾಲ ಉಳಿಯುತ್ತದೆ. ಮೊಲ ಸತ್ತರೆ ಮುಂದಿನ ತಿಂಗಳು ಇನ್ನೊಂದು ಸಿಗುತ್ತದೆ. ಅಗ್ಗಕ್ಕೆ ಸಿಕ್ಕಿದ್ದಕ್ಕೆ ಮನೆ ಯಾಕೆ ಅನ್ನುವುದು ನಮ್ಮ ಒಳಗಿನ ಲೆಕ್ಕ. ಬಾಯಲ್ಲಿ ಮಾತ್ರ ‘ಪಾಪ, ಎಷ್ಟು ಮುದ್ದಾಗಿದೆ’.

ಅಂಗಡಿಯ ತಂತಿ ಪೆಟ್ಟಿಗೆ ಮನೆಯಲ್ಲ. ಅದು ಮಾರಾಟವಾಗುವ ತನಕ ಸಾಮಾನು ಇಡುವ ಡಬ್ಬಿ. ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲದಲ್ಲಿ ಇರುತ್ತದೆ ಅಂತ ಯಾರೂ ಚೀಲದಲ್ಲೇ ಅನ್ನ ಮಾಡುವುದಿಲ್ಲ. ಆದರೆ ಮೊಲ ಆ ಪೆಟ್ಟಿಗೆಯಲ್ಲಿ ಇತ್ತು ಅಂತ ಜೀವನಪೂರ್ತಿ ಅದರಲ್ಲೇ ಇಡುತ್ತೇವೆ.

ಒಂದೇ ಹೆಸರು, ಎರಡು ಪ್ರಾಣಿ

ಇನ್ನೊಂದು ಗೊಂದಲ ನಮ್ಮ ಭಾಷೆಯಲ್ಲೇ ಇದೆ. ಹೊಲದ ಬದುವಿನಿಂದ ಚಂಗನೆ ಹಾರುವುದೂ ಮೊಲ, ಶಿವಾಜಿನಗರದಲ್ಲಿ ಮಾರುವುದೂ ಮೊಲ. ಎರಡೂ ಬೇರೆ ಬೇರೆ ಪ್ರಾಣಿ.

ನಮ್ಮ ಹೊಲದ ಕಾಡುಮೊಲ ಬಿಲ ತೋಡುವುದಿಲ್ಲ. ಪೊದೆ ಮರೆಯಲ್ಲಿ, ಹುಲ್ಲಿನ ಮಧ್ಯೆ ಮೈ ಅಂಟಿಸಿ ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಕೂದಲು ಇರುತ್ತದೆ, ಕಣ್ಣು ತೆರೆದಿರುತ್ತದೆ. ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಅಂಗಡಿಯ ಮೊಲದ ಮೂಲ ಯುರೋಪ್. ಅದರ ವಂಶವೇ ಬಿಲ ತೋಡಿ, ಗುಂಪಾಗಿ ನೆಲದಡಿ ಬದುಕಿದ್ದು. ಮರಿ ಹುಟ್ಟುವಾಗ ಬೆತ್ತಲೆ, ಕುರುಡು. ಅದಕ್ಕೇ ತಾಯಿ ತನ್ನ ಎದೆಯ ಕೂದಲನ್ನೇ ಕಿತ್ತು ಹಾಸಿಗೆ ಮಾಡುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಅದಕ್ಕೆ ಎಂಥ ಮನೆ ಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಅವಿತುಕೊಳ್ಳಲು ಕತ್ತಲ ಮೂಲೆ. ಕೆರೆಯಲು ಮಣ್ಣು ಅಥವಾ ಹುಲ್ಲು. ತಂಪು. ಜೊತೆಗೊಂದು ಜೀವ. ಓಡಲು ಜಾಗ.

ಮೊಲದ ಪಾದಕ್ಕೆ ನಾಯಿ, ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಅದಕ್ಕೇ ತಂತಿ ತಳ ಹುಣ್ಣು ಮಾಡುತ್ತದೆ. ಅದಕ್ಕೆ ನಮ್ಮ ಹಾಗೆ ಬೆವರು ಬರುವುದಿಲ್ಲ, ಮೈ ಕಾವು ಮುಖ್ಯವಾಗಿ ಕಿವಿಯಿಂದ ಹೊರಗೆ ಹೋಗಬೇಕು. 30 ಡಿಗ್ರಿ ದಾಟಿದರೆ ಒದ್ದಾಟ ಶುರು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 39.2 ಡಿಗ್ರಿ ಮುಟ್ಟಿತ್ತು. ಜಿಂಕ್ ಶೀಟ್ ಕೆಳಗೆ ಎಷ್ಟಿರುತ್ತದೆ ಅಂತ ನೀವೇ ಮಧ್ಯಾಹ್ನ ಎರಡು ಗಂಟೆಗೆ ಕೂತು ನೋಡಿ.

ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕಾದರೆ ದಿನವಿಡೀ ಹುಲ್ಲು ಅಗಿಯಬೇಕು. ಕ್ಯಾರೆಟ್ ಮೊಲಕ್ಕೆ ಊಟವಲ್ಲ, ಮಿಠಾಯಿ. ಊಟ ಅಂದರೆ ಹುಲ್ಲು. ಒಣಹುಲ್ಲು, ಗರಿಕೆ, ಜೊತೆಗೆ ಒಂದಿಷ್ಟು ಸೊಪ್ಪು. ಸಿಟಿಯವರು ಒಣಹುಲ್ಲನ್ನು ಪ್ಯಾಕೆಟ್ಟಿನಲ್ಲಿ ಆನ್‌ಲೈನ್ ತರಿಸುತ್ತಾರೆ. ನಮ್ಮ ಬದುವಿನಲ್ಲಿ ಗರಿಕೆ ಪುಕ್ಕಟೆ ಬೆಳೆದಿದೆ. ನಾವು ಪೇಟೆಯಿಂದ ಕ್ಯಾರೆಟ್ ತರುತ್ತೇವೆ!

ಸಿಟಿಯ ಬಾಲ್ಕನಿ ನೋಡಿ ಕಲಿಯಬೇಡಿ

ಕೆಲಸದ ಮೇಲೆ ಇಂದಿರಾನಗರದ ಕೆಲವು ಫ್ಲ್ಯಾಟ್‌ಗಳಿಗೆ ಹೋಗಿದ್ದೇನೆ. ಒಂದು ಮನೆಯಲ್ಲಿ ದುಡ್ಡಿಗೇನೂ ಕಡಿಮೆಯಿರಲಿಲ್ಲ. ಮೊಲದ ಪೆಟ್ಟಿಗೆ ಪಶ್ಚಿಮದ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಪೆಟ್ಟಿಗೆಗೆ ಗುಲಾಬಿ ಬಣ್ಣ, ಮೇಲೆ ಮೊಲದ ಹೆಸರಿನ ಫಲಕ. ಹೆಸರಿಗೆ ಜಾಗವಿತ್ತು, ಮೊಲಕ್ಕೆ ಇರಲಿಲ್ಲ. ಫೋಟೋ ತೆಗೆಯಲು ಮಾತ್ರ ಹೊರಗೆ ಬಿಡುತ್ತಿದ್ದರು. ಅಂಥ ಫೋಟೋ ನೋಡಿಯೇ ನಮ್ಮ ಹುಡುಗರು ಊರಲ್ಲಿ ಅಂಥದೇ ಪೆಟ್ಟಿಗೆ ಹುಡುಕುವುದು.

ಹಲಸೂರಿನ ಹಿಂದಿನ ಬೀದಿಯಲ್ಲಿ ನನ್ನ ಗೆಳೆಯನದು ಎರಡು ಕೋಣೆಯ ಬಾಡಿಗೆ ಮನೆ, ನಾಲ್ಕು ಜನ. ಅಲ್ಲಿ ಎರಡು ಮೊಲ ಇವೆ. ಮಂಚದ ಕೆಳಗೆ ಒಂದು ಮರದ ಪೆಟ್ಟಿಗೆ, ಬಾಗಿಲು ಯಾವಾಗಲೂ ತೆಗೆದೇ ಇರುತ್ತದೆ. ನುಣ್ಣನೆ ಟೈಲ್ಸ್ ಮೇಲೆ ಕಾಲು ಜಾರದಿರಲಿ ಅಂತ ಹಳೇ ಗೋಣಿಚೀಲ, ಚಾಪೆ ಹಾಸಿದ್ದಾರೆ. ಕರೆಂಟ್ ವೈರುಗಳೆಲ್ಲ ಎತ್ತರಕ್ಕೆ, ಯಾಕೆಂದರೆ ಮೊಲ ಕಡಿಯುತ್ತದೆ. ಮೂಲೆಯಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಹಳೇ ಪೇಪರ್, ಮೇಲೆ ಹುಲ್ಲು. ಮೊಲ ಒಂದೇ ಜಾಗದಲ್ಲಿ ಹೋಗುವುದನ್ನು ಬೇಗ ಕಲಿಯುತ್ತದೆ. ಎರಡಕ್ಕೂ ಆಪರೇಷನ್ ಮಾಡಿಸಿದ್ದಾರೆ, ಮರಿಗಳ ಗೊಡವೆಯಿಲ್ಲ. ದಿನಕ್ಕೊಮ್ಮೆ ತಟ್ಟೆ ಬದಲಾಯಿಸುತ್ತಾರೆ, ಮನೆಯಲ್ಲಿ ವಾಸನೆಯೇ ಇಲ್ಲ.

ಎರಡೂ ಮನೆ ನೋಡಿದ ಮೇಲೆ ನನಗೆ ಅನ್ನಿಸಿದ್ದು, ಇದು ದುಡ್ಡಿನ ಪ್ರಶ್ನೆಯಲ್ಲ. ಮೊದಲು ಜಾಗ ಯೋಚಿಸಿದರಾ, ಮೊದಲು ಮೊಲ ತಂದರಾ ಅನ್ನುವ ಪ್ರಶ್ನೆ.

‘ಹಳ್ಳೀಲಿ ಜಾಗಕ್ಕೇನು ಬರ?’

ಈ ಮಾತು ನಾವು ಎದೆಯುಬ್ಬಿಸಿ ಹೇಳುತ್ತೇವೆ. ಜಾಗ ಇದೆ, ನಿಜ. ಆದರೆ ಬಯಲು ಮನೆಯಲ್ಲ. ಅಂಗಳದಲ್ಲಿ ಬಿಟ್ಟ ಮೊಲವನ್ನು ನಾಯಿ ಹಿಡಿಯುತ್ತದೆ. ರಾತ್ರಿ ಬೆಕ್ಕು, ಮುಂಗುಸಿ. ಮರಿಗಳಿಗೆ ಹಾವು, ಹೆಗ್ಗಣ, ಕೆಂಪಿರುವೆ. ಮೊಲ ಹೆದರಿಕೆಗೇ ಸಾಯಬಹುದು, ನಾಯಿ ಮುಟ್ಟಬೇಕೆಂದೇನೂ ಇಲ್ಲ. ಬಿಟ್ಟರೆ ಸಾವು, ಕಟ್ಟಿಟ್ಟರೆ ಬೋನು. ಎರಡರ ಮಧ್ಯೆ ಇರುವುದೇ ಮನೆ.

ಬ್ರಿಟನ್ನಿನಲ್ಲಿ ಸಾಕುಮೊಲಗಳ ಕ್ಷೇಮಕ್ಕೆ ಕೆಲಸ ಮಾಡುವ ಸಂಸ್ಥೆಯೊಂದು ಎರಡು ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಇರಲಿ ಅನ್ನುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 10 ಅಡಿಗೆ ಆರೂವರೆ ಅಡಿ. ಬೆಂಗಳೂರಿನಲ್ಲಿ ಅಷ್ಟು ಜಾಗಕ್ಕೆ ಬಾಡಿಗೆ ಕೊಡಬೇಕು. ನಮ್ಮ ಹಿತ್ತಿಲಲ್ಲಿ ಅಷ್ಟು ಜಾಗದಲ್ಲಿ ಮುರಿದ ನೇಗಿಲು, ಹಳೇ ಟೈರು ಬಿದ್ದಿವೆ. ಅದನ್ನು ತೆಗೆದು ಹೀಗೆ ಮಾಡಿ:

ಜಾಗ ನೆರಳಲ್ಲಿರಲಿ. ಹೊಂಗೆ ಮರದ ಕೆಳಗಾದರೆ ಬಹಳ ಒಳ್ಳೆಯದು. ನೀರು ನಿಲ್ಲದ ಎತ್ತರದ ನೆಲವಾಗಿರಲಿ, ಮೊಲಕ್ಕೆ ತಂಪು ಬೇಕು, ಥಂಡಿ ಬೇಡ.

ಸುತ್ತ ಮತ್ತು ಮೇಲೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಕೋಳಿಗೆ ಹಾಕುವ ತೆಳು ಜಾಲರಿಯನ್ನು ನಾಯಿ ಹರಿಯುತ್ತದೆ, ಮೊಲ ಕಡಿಯುತ್ತದೆ. ಮೆಶ್ಶನ್ನು ಒಂದಡಿಯಾದರೂ ನೆಲದೊಳಗೆ ಹೂಳಿ, ಒಳಗಿನ ಮೊಲ ಹೊರಕ್ಕೆ, ಹೊರಗಿನ ಹೆಗ್ಗಣ ಒಳಕ್ಕೆ ತೋಡದ ಹಾಗೆ.

ಒಳಗೆ ಒಂದು ಮೂಲೆಯಲ್ಲಿ ಮಲಗುವ ಕೋಣೆ. ಹಳೇ ಹಲಗೆಯ ಪೆಟ್ಟಿಗೆ ಸಾಕು, ಆದರೆ ಎರಡು ಬಾಗಿಲಿರಲಿ, ಒಂದು ಮೊಲ ಇನ್ನೊಂದನ್ನು ಮೂಲೆಗೆ ಒತ್ತದ ಹಾಗೆ. ಒಳಗೆ ದಪ್ಪಗೆ ಒಣಹುಲ್ಲು. ತಳಕ್ಕೆ ತಂತಿ ಬೇಡವೇ ಬೇಡ.

ಮಾಡಿಗೆ ಹೆಂಚು ಅಥವಾ ತೆಂಗಿನ ಗರಿ. ಶೀಟೇ ಇರುವುದಾದರೆ ಮೇಲೆ ದಪ್ಪಗೆ ಗರಿ ಹೊದಿಸಿ. ಬೇಸಿಗೆಯಲ್ಲಿ ಒದ್ದೆ ಗೋಣಿ ಒಂದು ಬದಿಗೆ ತೂಗುಹಾಕಿ, ಒಡೆದ ಮಡಕೆಯನ್ನು ನೆನೆಸಿ ಮಗ್ಗುಲಾಗಿ ಇಡಿ, ಅದರೊಳಗೆ ಹೋಗಿ ಮಲಗುತ್ತದೆ. ನೀರಿಗೆ ಭಾರದ ಮಣ್ಣಿನ ಬಟ್ಟಲು, ದಿನಕ್ಕೆರಡು ಸಲ ಹೊಸ ನೀರು.

ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ತಿಂಗಳಿಗೆ ಮರಿ. 31 ದಿನಕ್ಕೇ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗಬ್ಬ ನಿಲ್ಲಬಹುದು. ತರುವ ಮುಂಚೆಯೇ ಪಶುವೈದ್ಯರ ಹತ್ತಿರ ಆಪರೇಷನ್ ವಿಷಯ ಕೇಳಿ. ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲೂ ಮೊಲಕ್ಕೆ ಮಾಡುವುದಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ. ಅಷ್ಟು ಓಡಾಟ ಆಗದು ಅಂದರೆ ಜೋಡಿ ಬೇರೆ ಬೇರೆ ಇಡುವಷ್ಟು ಜಾಗ ಬೇಕು. ಅದೂ ಆಗದು ಅಂದರೆ ಮೊಲವೇ ಬೇಡ.

ಗಿನಿಹಂದಿ, ಲವ್ ಬರ್ಡ್ಸ್ ವಿಷಯ

ಗಿನಿಹಂದಿಯನ್ನು ಮೊಲದ ಜೊತೆ ಒಂದೇ ಗೂಡಲ್ಲಿ ಇಡುವವರಿದ್ದಾರೆ. ತಪ್ಪು. ಮೊಲ ಒದ್ದರೆ ಗಿನಿಹಂದಿಗೆ ಪೆಟ್ಟಾಗುತ್ತದೆ, ಇಬ್ಬರ ಊಟವೂ ಬೇರೆ. ನಮ್ಮ ಹಾಗೇ ಗಿನಿಹಂದಿಯ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ. ದಿನವೂ ದಪ್ಪ ಮೆಣಸಿನಕಾಯಿ ಚೂರು, ಕೊತ್ತಂಬರಿ ಸೊಪ್ಪು ಇಲ್ಲದಿದ್ದರೆ ಕಾಯಿಲೆ ಬೀಳುತ್ತದೆ. ಅದು ಹತ್ತುವ ಪ್ರಾಣಿಯಲ್ಲ, ಮಹಡಿ ಗೂಡು ಬೇಡ, ಅಗಲವಾದ ನೆಲ ಬೇಕು. ಒಂಟಿಯಾಗಿ ಇಡಬೇಡಿ.

ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಅಂತ ಕೊಡುವ ಚಿಕ್ಕ ಹಕ್ಕಿಗಳು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಡ್ಜಿಗಳು. ಅವು ಅಡ್ಡಕ್ಕೆ ಹಾರುತ್ತವೆ, ಹೆಲಿಕಾಪ್ಟರ್ ಥರ ಮೇಲಕ್ಕಲ್ಲ. ಉದ್ದಕ್ಕೆ ನಿಂತ ಗುಂಡನೆ ಪಂಜರದಲ್ಲಿ ಅವು ಜೀವನದಲ್ಲಿ ಒಮ್ಮೆಯೂ ಹಾರುವುದಿಲ್ಲ. ಅಗಲವಾದ ಪಂಜರ ಮಾಡಿ. ಅಡುಗೆಮನೆಯಲ್ಲಿ ಇಡಬೇಡಿ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳನ್ನು ಕೊಲ್ಲುತ್ತದೆ. ಇನ್ನು ನಮ್ಮ ಊರ ಹಸಿರು ಗಿಳಿ, ಮುನಿಯ, ನಕ್ಷತ್ರ ಆಮೆ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಎಷ್ಟು ಒಳ್ಳೆಯ ಗೂಡು ಕಟ್ಟಿದರೂ.

ಕಾನೂನು ಇದೆ, 50 ರೂಪಾಯಿಗೆ

ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ 11ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ಇದೆ: ಪ್ರಾಣಿಗೆ ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಅಥವಾ ಪೆಟ್ಟಿಗೆಯಲ್ಲಿ ಇಡುವುದು ಅಪರಾಧ. ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ. ಮೊಲ ಕೊಂಡ ದುಡ್ಡಿಗಿಂತ ಅದನ್ನು ಹಿಂಸಿಸಿದ ದಂಡ ಕಡಿಮೆ.

2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆ ಕೇಂದ್ರ ಸರ್ಕಾರ ನಿಯಮ ಮಾಡಿತು. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿಯ ನೋಂದಣಿ ಆಗಬೇಕು, ಅದರ ಪತ್ರ ಕಾಣುವ ಹಾಗೆ ಹಾಕಬೇಕು, ಗೂಡುಗಳಿಗೆ ಕನಿಷ್ಠ ಅಳತೆ ಇರಬೇಕು. ಮುಂದಿನ ಸಲ ಹೋದಾಗ ‘ನೋಂದಣಿ ಪತ್ರ ಎಲ್ಲಿದೆ?’ ಅಂತ ಒಮ್ಮೆ ಕೇಳಿ. ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ.

ಆದರೆ ಎಲ್ಲ ತಪ್ಪನ್ನೂ ಅಂಗಡಿಯವರ ಮೇಲೆ ಹಾಕಿ ನಾವು ಜಾರಿಕೊಳ್ಳುವುದು ಬೇಡ. ಅವರ ಹತ್ತಿರ ಮೊಲ ಇರುವುದು ಕೆಲವು ದಿನ. ನಮ್ಮ ಹತ್ತಿರ ಇರುವುದು ಅದರ ಆಯಸ್ಸು ಪೂರ್ತಿ. ಎರಡಡಿ ಪೆಟ್ಟಿಗೆ ಅಲ್ಲಿ ತಾತ್ಕಾಲಿಕ, ನಮ್ಮಲ್ಲಿ ಕಾಯಂ.

‘ಜನಕ್ಕೇ ಮನೆ ಇಲ್ಲ, ಮೊಲದ ಮಾತು ಯಾಕೆ?’

ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರನ್ನು ನಾನು ಹಗುರ ಮಾಡುವುದಿಲ್ಲ. ಕೆ.ಆರ್.ಪುರದ ಸುತ್ತ ಕಟ್ಟಡ ಕೆಲಸಕ್ಕೆ ಬಂದ ನಮ್ಮವರೇ ಶೀಟಿನ ಶೆಡ್ಡಿನಲ್ಲಿ ಇದ್ದಾರೆ, ಮೊಲ ಸತ್ತ ಅದೇ ಬಿಸಿಲಿನಲ್ಲಿ. ಅದರ ಬಗ್ಗೆಯೂ ಕೂಗಬೇಕು.

ಆದರೆ ಆ ಕೂಲಿಯವರು ಮೊಲ ತರುತ್ತಿಲ್ಲ. ತರುತ್ತಿರುವವರು ನಾವು, ಹಿತ್ತಿಲು ಇರುವವರು. ಯಾರೂ ನಮಗೆ ಮೊಲ ಸಾಕು ಅಂತ ಹೇಳಿಲ್ಲ. ಹಸು ಬದುಕಿಗೆ ಬೇಕು, ಎಮ್ಮೆ ಬೇಕು. ಮೊಲ ತರುವುದು ನಮ್ಮ ಇಷ್ಟಕ್ಕೆ. ಇಷ್ಟಕ್ಕೆ ತಂದ ಜೀವಕ್ಕೆ ಮನೆ ಕೊಡಲಾಗದಿದ್ದರೆ ತರದೇ ಇರುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಬಡತನ ಅಡ್ಡ ಬರುವುದಿಲ್ಲ.

ಮಕ್ಕಳ ಮಾತೂ ಇದೆ. ‘ಮಕ್ಕಳು ಪ್ರಾಣಿ ಪ್ರೀತಿ ಕಲಿಯಲಿ’ ಅಂತ ತರುತ್ತೇವೆ. ಅಕ್ಕನ ಮಗಳು ನಮ್ಮ ಮನೆಯಲ್ಲಿ ಕಲಿತದ್ದು ಏನು? ಇಷ್ಟವಾದದ್ದನ್ನು ಡಬ್ಬಿಯಲ್ಲಿ ಇಡಬಹುದು, ಸತ್ತರೆ ಹಿತ್ತಿಲಲ್ಲಿ ಹೂಳಬಹುದು, ಮತ್ತೊಂದು ಕೇಳಬಹುದು ಅಂತ. ಅವಳು ಕೇಳಿದಳು ಕೂಡ: ‘ಮಾಮ, ಇನ್ನೊಂದು ಜೋಡಿ ತಂದುಕೊಡ್ತೀಯಾ?’ ನನಗೆ ಮಾತು ಹೊರಡಲಿಲ್ಲ.

ಕಳೆದ ವರ್ಷ ಅವಳಿಗೆ ಒಂದು ಷರತ್ತು ಹಾಕಿದೆ. ಮೊದಲು ಮನೆ. ಇಬ್ಬರೂ ಸೇರಿ ಹಿತ್ತಿಲು ಚೊಕ್ಕ ಮಾಡಿದೆವು. ಅವಳೇ ಟೇಪ್ ಹಿಡಿದು ಅಳೆದಳು. ಮೆಶ್ ತಂದೆವು, ಹೂಳಿದೆವು, ಹಳೇ ಹೆಂಚು ಹೊದಿಸಿದೆವು. ಎರಡು ತಿಂಗಳು ಅದು ಖಾಲಿಯೇ ಇತ್ತು. ಆ ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ಕೈಯಿಟ್ಟು ಕಾವು ನೋಡಿದೆವು, ಮಳೆ ಬಂದಾಗ ನೀರು ಬರುತ್ತದಾ ನೋಡಿದೆವು. ಅಜ್ಜಿ ದಿನಾ ಬಂದು ‘ಇನ್ನೂ ಬಾಡಿಗೆಗೆ ಯಾರೂ ಬಂದಿಲ್ವಾ?’ ಅಂತ ನಗುತ್ತಿದ್ದರು. ಈಗ ಅದರಲ್ಲಿ ಎರಡು ಮೊಲ ಇವೆ. ಸಾಕಲಾಗದೆ ಬೆಂಗಳೂರಿನ ಒಬ್ಬರು ಬಿಟ್ಟುಕೊಟ್ಟವು, ಆಪರೇಷನ್ ಆದವು. ಕೊಂಡದ್ದಲ್ಲ.

ಆದ್ದರಿಂದ ನನ್ನ ಮಾತು ಇಷ್ಟೇ. ನೀವು ಇದನ್ನು ಮೊಬೈಲಿನಲ್ಲಿ ಓದುತ್ತಿದ್ದೀರಿ. ಮೊಲ ತರಬೇಕು ಅನ್ನಿಸಿದರೆ ಮೊದಲು ಗೂಡು ಕಟ್ಟಿ, ಅದರ ಫೋಟೋ ಇದೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಶಿವಾಜಿನಗರದಲ್ಲಿ ಆ ಪೆಟ್ಟಿಗೆಗಳ ಮುಂದೆ ನಿಂತಾಗ, ಮಗು ಕೈ ಜಗ್ಗುವಾಗ, ಆ ಫೋಟೋ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಮಗುವಿಗೆ ಕಡಲೆಕಾಯಿ ಕೊಡಿಸಿ ಬಸ್ ಹತ್ತಿ.

ಈಗಾಗಲೇ ನಿಮ್ಮ ಮನೆಯಲ್ಲಿ ಮೊಲ ತಂತಿ ಪೆಟ್ಟಿಗೆಯಲ್ಲಿ ಕೂತಿದ್ದರೆ, ಇವತ್ತೇ ಸಂಜೆ ಪೆಟ್ಟಿಗೆಯ ತಳಕ್ಕೆ ಒಂದು ಹಲಗೆ ಹಾಕಿ, ಮೇಲೆ ಹಿಡಿ ಹುಲ್ಲು ಹಾಸಿ, ನೆರಳಿಗೆ ಸರಿಸಿ. ಭಾನುವಾರ ಹಿತ್ತಿಲು ಅಳೆಯಿರಿ.